ಕರಪತ್ರದ ಹಿಂಬದಿ

ಕವಿಪುಂಗವಾ,

ನಮ್ಮ ಸಂಘದ ಕರಪತ್ರದ ಹಿಂಬದಿಯಿಂದ ನಿನ್ನ ಕವಿತೆಯನ್ನು ತೆಗೆಸಿದವಳು ನಾನೇ. ಜಾಗ ಸಾಲಲಿಲ್ಲವೆಂದು ಪ್ರೆಸ್ಸಿನವನ ಮೇಲೆ ಗೂಬೆ ಕೂರಿಸಿ ನಿನಗೆ ಹೇಳಿದ್ದು ಸುಳ್ಳು. ಜನ ಬೀದಿಗಿಳಿದಿರುವಾಗ ನಿನ್ನಮ್ಮನ ಹೊಲಿಗೆ ಯಂತ್ರದ ಮೇಲೆ ಕವಿತೆ ಯಾಕೆ ಅನ್ನಿಸಿತ್ತು.

ಇವತ್ತು ಗ್ರಂಥಾಲಯದಲ್ಲಿ ಲೇಖಕರ ಸಂವಾದವಿತ್ತು. ಸಾಹಿತ್ಯದಿಂದ ರಾಜಕೀಯ ಬದಲಾಗುತ್ತದೆಯೇ ಎಂದು ವೇದಿಕೆಯ ಮೇಲೆ ಮೂವರು ವಾದಿಸಿದ್ದೇ ವಾದಿಸಿದ್ದು. ಕೊನೆಗೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುವ ಹೆಂಗಸೊಬ್ಬರು ಎದ್ದು, ಮಡಿಕೆ ಸವೆದ ಹಾಳೆಯೊಂದನ್ನು ಬಿಚ್ಚಿದರು. ನಾವು ಇಲ್ಲಿನ ಪುಸ್ತಕಗಳೊಳಗೆ ಕದ್ದು ಇಡುತ್ತಿದ್ದ ಕರಪತ್ರ ಅದು. ನಾನು ತೆಗೆಸುವ ಮೊದಲಿನ, ನಿನ್ನ ಕವಿತೆಯಿದ್ದ ಪ್ರೂಫ್ ಪ್ರತಿಯೊಂದು ಹೇಗೋ ಉಳಿದ ಕರಪತ್ರಗಳ ಜೊತೆ ಸೇರಿಹೋಗಿದೆ.

"ಮುಂದ್ಗಡೆ ಬರ್ದಿರೋದು ನಂಗೆ ತಲೆಬುಡ ಅರ್ಥ ಆಗ್ಲಿಲ್ಲ ಸ್ವಾಮಿ," ಎಂದರು. ಸಭೆ ನಕ್ಕಿತು. "ಹಿಂದಿಂದು ಓದಿದ್ಮೇಲೇ ನಾನು ಸಂಘಕ್ಕೆ ಸೇರಿದ್ದು. ಯಾರ್ರೀ ಇದನ್ನ ಬರ್ದಿದ್ದು?"

ಮುಂದುಗಡೆಯದೆಲ್ಲ ನನ್ನ ಬರಹ.

ನೀನು ಊರು ಬಿಟ್ಟು ಹೋಗಿ ಎರಡು ವರ್ಷ. ನಿನ್ನ ವಿಳಾಸ ಯಾರ ಹತ್ತಿರವೂ ಇಲ್ಲ; ಅದಕ್ಕೇ ಇದನ್ನು ಕರಪತ್ರದ ಹಿಂಬದಿಯಲ್ಲಿ ಬರೆದು ಗ್ರಂಥಾಲಯದ ಪುಸ್ತಕವೊಂದರೊಳಗೆ ಇಡುತ್ತಿದ್ದೇನೆ. ಸಭೆ ಮುಗಿದ ಮೇಲೆ ಅವರ ಹಿಂದೆಯೇ ಓಡಿ, "ಕವಿಯ ಹೆಸರು ಹೇಳ್ತೀನಿ, ಬನ್ನಿ ಅಕ್ಕಾ," ಎಂದು ಕರೆದಿದ್ದೇನೆ. ನಡೆದದ್ದನ್ನೂ ಹೇಳುತ್ತೇನೆ.

ನೀನೂ ಬಾ. ನಾವು ಕೂರುತ್ತಿದ್ದ ಗ್ರಂಥಾಲಯದ ಮೂರನೇ ಮೆಟ್ಟಿಲು. ಶನಿವಾರ, ಸಂಜೆ ಐದು ಗಂಟೆ.