ಕೇಳುವುದು ಎಂಬ ಎರಡು ಕೆಲಸ

ಶುಕ್ರವಾರ, ಮಧ್ಯಾಹ್ನ

ಲೆಕ್ಕದ ಮೇಡಂ ಅವರಿಗೆ,

ಹೆಸರು ಹಿಡಿದು ಕರೆಯುವ ಸಲಿಗೆ ಇನ್ನೂ ಉಳಿದಿದೆಯೋ ಇಲ್ಲವೋ ತಿಳಿಯದೆ, ನಿನ್ನ ಶಾಲೆಯ ಮಕ್ಕಳು ಕರೆಯುವ ಹಾಗೆ ಕರೆದಿದ್ದೇನೆ. ತಪ್ಪಾಗಿದ್ದರೆ ಕೆಂಪು ಶಾಯಿಯಲ್ಲಿ ತಿದ್ದು.

ಮನೆ ಬಿಟ್ಟು ಒಂದೂವರೆ ವರ್ಷ ಕಾಗದ ಬರೆಯದ ಗಂಡ ಈಗ ಯಾಕೆ ಬರೆದ ಅನ್ನುತ್ತೀಯೇನೋ. ಸುದ್ದಿ ಇಷ್ಟೆ: ಪಾಸಾದೆ. ಇಪ್ಪತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ಈಗ ಪ್ರಮಾಣಪತ್ರವಿರುವ ಮರದ ಶಸ್ತ್ರವೈದ್ಯ. ಒಣಗಿದ, ಕೊಳೆತ ಕೊಂಬೆಗಳನ್ನು ಕೊಯ್ದು, ಯಾರ ತಲೆಯ ಮೇಲೂ ಬೀಳದಂತೆ ಹಗ್ಗದಲ್ಲಿ ಇಳಿಸುವ ಕೆಲಸ. ಈ ಆಸ್ಪತ್ರೆಯಲ್ಲಿ ರೋಗಿ ಕಿರುಚುವುದಿಲ್ಲ, ಕಿರುಚುವವನು ವೈದ್ಯ. ಅಚ್ಚುಕೂಟ ಮುಚ್ಚಿ ಕಾಗದ ನನ್ನ ಕೈಬಿಟ್ಟಿತು, ನಾನು ಅದರ ಮೂಲವನ್ನೇ ಹೋಗಿ ತಬ್ಬಿಕೊಂಡೆ. ಕರಡು ತಿದ್ದುವವನನ್ನು ನೀನು ‘ಕರಡಿ’ ಅನ್ನುತ್ತಿದ್ದೆ. ಕರಡಿ ಮರ ಹತ್ತಿದ್ದರಲ್ಲಿ ಆಶ್ಚರ್ಯವೇನು?

ಸುಸ್ತಾಗಿದೆ, ಅದನ್ನು ಮೊದಲೇ ಹೇಳಬೇಕಿತ್ತು. ‘ಹತ್ತು’ ಅಂದರೆ ನಿನಗೆ ಸಂಖ್ಯೆ, ಮರ ಹತ್ತಲು ಕಲಿಸಿದ ನಮ್ಮ ಗುರುಗಳ ಬಾಯಲ್ಲಿ ಅದು ಆಜ್ಞೆ. ನಲವತ್ತೇಳನೇ ವಯಸ್ಸಿನಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು ದಿನಕ್ಕೆ ಹತ್ತು ಸಲ ಹತ್ತಿದ್ದೇನೆ. ಜೊತೆಯಲ್ಲಿ ಕಲಿಯುವವರು ‘ಅಂಕಲ್, ಲಿಫ್ಟ್ ಕೆಟ್ಟಿದೆ, ಸ್ವಲ್ಪ ನಡ್ಕೊಂಡೇ ಬನ್ನಿ’ ಅಂತ ಮೇಲಿಂದ ರೇಗಿಸುತ್ತಿದ್ದರು. ಟೈರ್ ಅಂಗಡಿಯ ಮೇಲಿರುವ ನನ್ನ ಕೋಣೆಗೆ ಹದಿನಾಲ್ಕು ಮೆಟ್ಟಿಲು. ಅಷ್ಟೆತ್ತರದ ಮರ ಇಳಿದು ಬಂದವನು ಆ ಮೆಟ್ಟಿಲ ಬುಡದಲ್ಲಿ ಸುಮ್ಮನೆ ಕೂತುಬಿಡುತ್ತಿದ್ದೆ. ಅಂಗೈಯೆಲ್ಲ ಬೊಬ್ಬೆ ಎದ್ದು ಅಂಗಿಯ ಗುಂಡಿ ಹಾಕಲಾಗದೆ ವಾರವಿಡೀ ಬನಿಯನ್ನಿನಲ್ಲೇ ತಿರುಗಿದ್ದೂ ಉಂಟು.

ಹಗ್ಗಕ್ಕೆ ಗಂಟು ಹಾಕುವುದು ಬೇಗ ಬಂತು. ಮುಖ ಗಂಟು ಹಾಕಿಕೊಂಡು ಅಭ್ಯಾಸವಿತ್ತಲ್ಲ. ಗರಗಸವೂ ಕೈಗೆ ಹೊಂದಿತು. ಮೊದಲ ಸಲ ಫೇಲಾದದ್ದು ಮಾತಿನಲ್ಲಿ. ನಂಬುತ್ತೀಯಾ? ನಾನು, ಮಾತಿನಲ್ಲಿ!

ಕೊಯ್ಯುವ ಮೊದಲು ಮೇಲಿರುವವನು ‘ಕೆಳಗೆ?’ ಅಂತ ಕೂಗಬೇಕು. ಕೆಳಗೆ ಹಗ್ಗ ಹಿಡಿದವನು ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ‘ಹೂಂ’ ಅನ್ನಬೇಕು. ಆ ಹೂಂ ಕಿವಿಗೆ ಬಿದ್ದ ಮೇಲೇ ಗರಗಸ. ನಾನು ಜೋರಾಗಿ, ರಾಗವಾಗಿ ಕೂಗಿದೆ. ಕೂಗಿದ ಉಸಿರಿನಲ್ಲೇ ಕೊಯ್ದೆ. ಕೊಂಬೆ ಪರೀಕ್ಷಕರಿಂದ ಒಂದು ಗೇಣು ದೂರದಲ್ಲಿ ಬಿತ್ತು. ಅವರು ಹೆಲ್ಮೆಟ್ ತೆಗೆದು, ಒಳಗೆ ತಲೆ ಇದೆಯೇ ಅಂತ ಸವರಿ ನೋಡಿಕೊಂಡು, ಕತ್ತೆತ್ತಿ ಕೇಳಿದರು: ‘ಉತ್ತರ ಬೇಡ ಅಂದ್ಮೇಲೆ ಯಾಕ್ರೀ ಕೇಳ್ತೀರಿ?’

ನಾನು ಹಗ್ಗದಲ್ಲಿ ನೇತಾಡುತ್ತಲೇ ನಕ್ಕುಬಿಟ್ಟೆ. ಸೊಕ್ಕು ಅಂದುಕೊಂಡು ಇನ್ನೆರಡು ಅಂಕ ಕಳೆದರು. ಅವರಿಗೇನು ಗೊತ್ತು, ಅದು ನಿನ್ನದೇ ವಾಕ್ಯ ಅಂತ. ಆ ದಿನ ಬಾಗಿಲಲ್ಲಿ ನಿಂತು ‘ನಾನು ಹೋಗ್ಲಾ?’ ಅಂದೆ. ಚಪ್ಪಲಿ ಆಗಲೇ ಕಾಲಲ್ಲಿತ್ತು, ಚೀಲ ಹೆಗಲಲ್ಲಿತ್ತು. ನೀನು ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲು ಇಳಿಯುತ್ತಿದ್ದೆ. ಮೇಲಿಂದ ಇದೇ ಮಾತು ಬಂತು. ಆಗ ಬೆನ್ನಿಗೆ ಬಿತ್ತು, ಕಿವಿಗೆ ಬೀಳಲಿಲ್ಲ.

ನೋಡು, ‘ಕೇಳು’ ಅನ್ನುವ ಪದಕ್ಕೆ ಎರಡು ಕೆಲಸ. ಪ್ರಶ್ನೆ ಹಾಕುವುದೂ ಅದೇ, ಕಿವಿಗೊಡುವುದೂ ಅದೇ. ಬೇರೆಯವರ ಅಕ್ಷರ ತಿದ್ದುತ್ತಿದ್ದವನು ಅರ್ಧ ಅರ್ಥದಲ್ಲೇ ಸಂಸಾರ ಮಾಡಿದೆ. ಅಚ್ಚುಕೂಟ ಮುಚ್ಚಿದರೆ ಮುಂದೇನು ಅಂತ ನೀನು ಕೇಳಿದಾಗ, ‘ಮುಚ್ಚಿದ್ರೆ ತೆಗೆಯೋಣ ಬಿಡು’ ಅಂದೆ. ನೀನು ನಗಲಿಲ್ಲ. ನಾನೊಬ್ಬನೇ ನಕ್ಕೆ, ಅದೂ ಎರಡು ಸಲ.

ಎರಡನೇ ಪರೀಕ್ಷೆಯಲ್ಲಿ ಕಾದೆ. ಕೆಳಗಿನವನಿಗೆ ಕೆಮ್ಮು ಬಂದಿತ್ತು. ಅವನು ಕೆಮ್ಮಿ ಮುಗಿಸಿ ಹೂಂ ಅನ್ನುವವರೆಗೂ ಕಾದೆ.

ಆಮೇಲೆ ಕೆಲಸದ ಹುಡುಕಾಟ. ಹತ್ತು ಕಡೆ ಮೆಟ್ಟಿಲು ಹತ್ತಿಳಿದೆ. ಎಲ್ಲರೂ ಅನುಭವ ಕೇಳಿದರು. ವಯಸ್ಸಿನ ಅನುಭವ ಯಾರಿಗೂ ಬೇಡ. ಹನ್ನೊಂದನೆಯದು, ಹೀಗೇ ದಾರಿಯಲ್ಲಿ ಹೋಗುವಾಗ ಕಣ್ಣಿಗೆ ಬಿದ್ದ ವಿಳಾಸ. ಗುತ್ತಿಗೆದಾರರು ಅರವತ್ತು ದಾಟಿದ ಹೆಂಗಸು. ಕೆಲಸದವರು ಹಿಂದಿನಿಂದ ‘ಗರಗಸಮ್ಮ’ ಅನ್ನುತ್ತಾರೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ನಿಮ್ಮ ವಯಸ್ಸಿನೋರು ಮರದ ಕೆಳಗೆ ಕೂತ್ಕೋತಾರೆ, ನೀವು ಮೇಲೆ ಕೂತ್ಕೋತೀನಿ ಅಂತೀರಲ್ಲಪ್ಪಾ’ ಅಂದರು. ಆದರೂ ಒಂದು ಮರ ಹತ್ತಿಸಿ ನೋಡಿದರು. ಕೂಗಿ ಕಾದದ್ದು ಹಿಡಿಸಿತು. ಸೋಮವಾರ ಬನ್ನಿ ಅಂತ ಅರ್ಜಿ ಕೊಟ್ಟರು.

ಎಲ್ಲ ತುಂಬಿದ್ದೇನೆ, ಒಂದು ಸಾಲು ಬಿಟ್ಟು: ‘ಬಿದ್ದರೆ ಯಾರಿಗೆ ತಿಳಿಸಬೇಕು?’ ಅವರ ಒಪ್ಪಿಗೆಯೂ ಬೇಕಂತೆ. ಟೈರ್ ಅಂಗಡಿಯವನ ಹೆಸರು ಹಾಕಲೇ ಅಂದೆ. ‘ಅವನೇನು ಬಂದು ನಿಮಗೆ ಪಂಕ್ಚರ್ ಹಾಕ್ತಾನಾ? ಮನೆಯೋರ ಹೆಸರು ಬರೀರಿ. ಇಲ್ದಿದ್ರೆ ಮರ ಹತ್ತೋದು ಬೇಡ, ಕೆಳಗೆ ಕಡ್ಡಿ ಆಯ್ಕೊಂಡಿರಿ’ ಅಂದರು ಗರಗಸಮ್ಮ.

ನಾವು ಬೇರೆಯಾದವರು, ನಿಜ. ಆದರೆ ಆ ಸಾಲಿಗೆ ಬೇರೆ ಹೆಸರು ಹೊಳೆಯುತ್ತಿಲ್ಲ. ನಿನ್ನದು ಬರೆಯಲಾ? ಪೆನ್ನಿನ ಮುಚ್ಚಳ ಹಾಕಿಟ್ಟಿದ್ದೇನೆ. ಇನ್ನೂ ಬರೆದಿಲ್ಲ.

ಇಂತಿ,
ನಿನ್ನ (ಈ ಪದ ಬೇಡವೆನಿಸಿದರೆ ಹೊಡೆದುಹಾಕು)
ಕರಡಿ

ಮರೆತದ್ದಲ್ಲ, ಮರೆಮಾಡಿದ್ದು: ಹೀಗೇ ಹೋಗುತ್ತಿದ್ದ ದಾರಿ ಅಂದೆನಲ್ಲ, ಅದು ನಿನ್ನ ಶಾಲೆಯ ದಾರಿ. ಆ ದಾರಿಯಲ್ಲಿ ನಾನು ಹೀಗೇ ಹೋಗುವುದು ವಾರಕ್ಕೆ ಮೂರು ಸಲ. ಗೇಟಿನಲ್ಲಿ ನೋಟೀಸು ಹಚ್ಚಿದ್ದರು: ಸೋಮವಾರ ಒಣಕೊಂಬೆ ತೆಗೆಸುತ್ತಾರೆ, ಕೆಳಗೆ ಗರಗಸಮ್ಮನ ವಿಳಾಸ. ಆ ಕೊಂಬೆ ಚಾಚಿರುವುದು ನಿನ್ನ ಮಹಡಿ ತರಗತಿಯ ಕಿಟಕಿಗೆ. ಸೋಮವಾರ ಎಂಟಕ್ಕೆ, ಅರ್ಜಿ ಜೇಬಿನಲ್ಲಿಟ್ಟುಕೊಂಡು ಕಿಟಕಿಯ ಕೆಳಗೆ ನಿಂತಿರುತ್ತೇನೆ. ಹೂಂ ಅಂದರೆ ಹತ್ತುತ್ತೇನೆ, ಊಹೂಂ ಅಂದರೆ ಕಡ್ಡಿ ಆಯುತ್ತೇನೆ. ಯಾವುದಾದರೂ ಸರಿ, ಕೇಳಿಸುವವರೆಗೆ ಬೂಟು ಹಾಕಿಕೊಳ್ಳುವುದಿಲ್ಲ.