ನನ್ನ ಕಿವಿಯ ಗುಟ್ಟು

ಡಾಕ್ಟರಮ್ಮನವರಿಗೆ ನಮಸ್ಕಾರ.

ಆಸ್ಪತ್ರೆಗೆ ಬರುವ ಮೊದಲೇ ಫೋನಿನಲ್ಲಿ ವಿಚಾರಿಸಿ, ಯಾರು ಯಾವ ಡಾಕ್ಟರಿಗೆ ತೋರಿಸಬೇಕೆಂದು ಹೇಳುವ ನಿಮ್ಮ ಹೊಸ ಏರ್ಪಾಡು ಒಳ್ಳೆಯದೇ. ಆದರೆ ಮೊನ್ನೆ ನಿಮ್ಮ ನರ್ಸಮ್ಮ ಫೋನ್ ಮಾಡಿದಾಗ ಎತ್ತಿದವಳು ನನ್ನ ಹೆಂಡತಿ. ನನಗೇನು ತೊಂದರೆ ಎಂದು ಕೇಳಿದ್ದಕ್ಕೆ, "ಎಷ್ಟು ಕೂಗಿದ್ರೂ ತಿರುಗಿ ನೋಡಲ್ಲಮ್ಮಾ" ಅಂದುಬಿಟ್ಟಳು. ಕೆಮ್ಮಿಗೆ ಔಷಧಿ ಬೇಕಿದ್ದವನನ್ನು ನೀವು ಕಿವಿ ಡಾಕ್ಟರ ಮುಂದೆ ಕೂರಿಸಿದಿರಿ. ಎರಡೂ ಕಿವಿ ಚೆನ್ನಾಗಿವೆ ಎಂದರು ಅವರು. ಈ ಸುದ್ದಿ ಮನೆಗೆ ತಲುಪಿದರೆ ನನ್ನ ಗತಿ ಏನು? ದಯವಿಟ್ಟು ಗುಟ್ಟಾಗಿಡಿ. ಕೆಮ್ಮು ಹಾಗೇ ಇದೆ, ಇರಲಿ.

ಈ ವಾರ ಅವಳ ಸರದಿ. ಅವಳನ್ನೇ ಕೇಳಿದರೆ, "ನನಗೇನ್ ಧಾಡಿ? ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುತ್ತಾಳೆ. ಆದ್ದರಿಂದ ಅಂಗಡಿಯ ನಂಬರಿಗೆ ಫೋನ್ ಮಾಡಿಸಿ; ಉತ್ತರ ನಾನು ಕೊಡುತ್ತೇನೆ. ಮನೆಯ ಮೆಟ್ಟಿಲು ಹತ್ತುವಾಗ ಅವಳು ನಡುವೆ ನಿಂತು, ಧೂಳು ಒರೆಸುವ ನೆಪದಲ್ಲಿ ಕಂಬಿ ಹಿಡಿದುಕೊಳ್ಳುತ್ತಾಳೆ. ಕೆಳಗೆ ಅಂಗಡಿಯಲ್ಲಿ, ಅಷ್ಟೊಂದು ಗಡಿಯಾರಗಳ ಟಿಕ್‌ಟಿಕ್ ನಡುವೆಯೂ ಅವಳ ಏದುಸಿರು ನನಗೆ ಕೇಳಿಸುತ್ತದೆ.

ನನ್ನ ಕಿವಿ ಸರಿಯಿದೆ ಎಂದು ನಿಮ್ಮವರೇ ಹೇಳಿದ್ದಾರಲ್ಲ.

ಇಂತಿ,
ಮೆಟ್ಟಿಲ ಕೆಳಗಿನ ಗಡಿಯಾರ ರಿಪೇರಿಯವನು