ಗುಲಾಬಿ ಹಾಳೆಯ ಹಾಲ್ ಟಿಕೆಟ್

ಪೀತಮ್‌ಪುರ, ದೆಹಲಿ
ಜೂನ್ 3, 2025, ಮಂಗಳವಾರ

ಪ್ರೀತಿಯ ಅಣ್ಣಾ,

‘ಪ್ರೀತಿಯ’ ಎಂದು ಬರೆದದ್ದು ಅಭ್ಯಾಸಬಲದಿಂದ. ಈ ಕ್ಷಣಕ್ಕೆ ಆ ಪದ ನಿನಗೆ ಸಲ್ಲುವುದಿಲ್ಲ, ಆದರೆ ಹೊಡೆದು ಹಾಕಿದರೆ ಹಾಳೆ ಗಲೀಜಾಗುತ್ತದೆಂದು ಬಿಟ್ಟಿದ್ದೇನೆ.

ಇಲ್ಲಿ ಎಲ್ಲರೂ ಆರೋಗ್ಯ. ನಿನ್ನ ಮೂಗು ಹೇಗಿದೆ? ಸಿಪ್ಪೆ ಏಳುವುದು ನಿಂತಿತೇ? ಅಮ್ಮ ದಿನಕ್ಕೆರಡು ಸಲ ವಿಚಾರಿಸುತ್ತಾಳೆ. ಮೇ ಇಪ್ಪತ್ತೈದರ ಭಾನುವಾರ ಸಂಜೆ ನೀನು ಐಎಎಸ್ ಪ್ರಿಲಿಮ್ಸ್ ಬರೆದು ಮನೆಗೆ ಬಂದಾಗ ಮೂಗು ಟೊಮೇಟೊ ಹಾಗೆ ಕೆಂಪಾಗಿತ್ತಲ್ಲ, ಅವತ್ತಿನಿಂದ ಅಮ್ಮ ಪರೀಕ್ಷೆ ನಡೆಸುವವರಿಗೆಲ್ಲ ಹಿಡಿಶಾಪ ಹಾಕುತ್ತಿದ್ದಾಳೆ. “ಓದೋ ಮಕ್ಕಳನ್ನ ಬಿಸಿಲಲ್ಲಿ ಕ್ಯೂ ನಿಲ್ಸಿ ಹುರಿದುಬಿಟ್ರು” ಎಂದು ಎದುರುಮನೆ ಆಂಟಿಗೂ ಹಿಂದಿಯಲ್ಲಿ ಹೇಳಿ ಮುಗಿಸಿದ್ದಾಳೆ. ಆ ಶಾಪ ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎಂಬುದು ನನಗೆ ಮೊನ್ನೆ ಭಾನುವಾರ ಗೊತ್ತಾಯಿತು. ಅದಕ್ಕೇ ಈ ಪತ್ರ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ಮಾರ್ಚ್‌ನಲ್ಲಿ ನಾನು ಗಂಡುದನಿ ಮಾಡಿ, “ಪರೀಕ್ಷಾ ಕಚೇರಿಯಿಂದ ಮಾತಾಡ್ತಿದ್ದೇವೆ, ನಿಮ್ಮ ಫೋಟೋದಲ್ಲಿ ಒಂದೇ ಕಿವಿ ಕಾಣುತ್ತಿದೆ, ಇನ್ನೊಂದನ್ನು ಅಂಚೆಯಲ್ಲಿ ಕಳಿಸಿ” ಎಂದದ್ದಕ್ಕೆ ನನ್ನ ನಂಬರನ್ನು ಬ್ಲಾಕ್ ಮಾಡಿದವನು ನೀನೇ. ಆದ್ದರಿಂದ ಈ ಪತ್ರ ಚಟ್ನಿಪುಡಿ ಡಬ್ಬಿಯ ತಳದಲ್ಲಿ ಬರುತ್ತಿದೆ. ನಮ್ಮ ಹೋಟೆಲಿನ ಅಡುಗೆಯ ಜಗನ್ನಾಥಣ್ಣ ಗುರುವಾರ ಕರೋಲ್ ಬಾಗ್ ಕಡೆ ಸಾಮಾನಿಗೆ ಬರುವಾಗ ಓಲ್ಡ್ ರಾಜಿಂದರ್ ನಗರದ ನಿನ್ನ ರೂಮಿಗೆ ತಲುಪಿಸುತ್ತಾರೆ. ಕನ್ನಡದಲ್ಲಿ ಬರೆದದ್ದು ನಿನ್ನ ರೂಮಿನವರು ಓದಬಾರದೆಂದು. ಪ್ರತಿ ರಜೆಯಲ್ಲೂ ಕೂರಿಸಿ ಕಾಗುಣಿತ ತಿದ್ದಿಸಿದ ಅಜ್ಜಿಗೆ, ಆ ವಿದ್ಯೆ ಮುಂದೊಂದು ದಿನ ಅಣ್ಣನನ್ನು ಬೈಯಲು ಉಪಯೋಗವಾಗುತ್ತದೆ ಎಂದು ಗೊತ್ತಿದ್ದರೆ ಇನ್ನಷ್ಟು ಒತ್ತಕ್ಷರ ಕಲಿಸುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಎದ್ದು ನಿಂತು ಓದತಕ್ಕದ್ದು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಸ್ಥಾಪನೆಯಾದ, ಒಟ್ಟು ಇಬ್ಬರೇ ಸದಸ್ಯರುಳ್ಳ ಅಖಿಲ ಭಾರತ ರೋಲರ್ ಕೋಸ್ಟರ್ ಆಯೋಗಕ್ಕೆ ತಾವು ಅಧ್ಯಕ್ಷರು, ನಾನು ಕಾರ್ಯದರ್ಶಿ. ನಮ್ಮ ಸಂವಿಧಾನವನ್ನು ಹೋಟೆಲಿನ ಟಿಶ್ಯೂ ಪೇಪರಿನ ಮೇಲೆ ತಾವೇ ಬರೆದಿರಿ. ಮೌಜ್‌ಗಢ ಪಾರ್ಕಿನ ರೋಲರ್ ಕೋಸ್ಟರ್ ‘ನಾಗಿನ್’ನಲ್ಲಿ ಕೂರುವುದಿದ್ದರೆ ಕೊನೆಯ ಸಾಲಿನಲ್ಲೇ ಕೂರಬೇಕು. ಮುಂದಿನ ಸಾಲಿನವರಿಗೆ ಇಳಿಜಾರು ಕಾಣುತ್ತದೆ ಅಷ್ಟೇ, ಹಿಂದಿನ ಸಾಲಿನವರನ್ನು ಮಾತ್ರ ಅದು ಕುತ್ತಿಗೆಪಟ್ಟಿ ಹಿಡಿದು ಎಳೆದುಕೊಂಡು ಹೋಗುತ್ತದೆ. ಕೈ ಎತ್ತಿ ಕೂಗುವುದು ಅಗ್ಗದ ಪ್ರದರ್ಶನ. ಎರಡನೇ ಇಳಿಜಾರಿನ ಬುಡದಲ್ಲಿ, ಬೇವಿನ ಮರದ ಪಕ್ಕ ಕ್ಯಾಮೆರಾ ಇದೆ. ಅದರ ಮುಂದೆ ಪಾಸ್‌ಪೋರ್ಟ್ ಫೋಟೋದ ಮುಖ ಹೊತ್ತು ಗಂಭೀರವಾಗಿ ಕೂರಬೇಕು. ಕೊನೆಯದು ನಾಲ್ಕನೇ ಕಲಂ: ಒಬ್ಬರನ್ನು ಬಿಟ್ಟು ಇನ್ನೊಬ್ಬರು ನಾಗಿನ್ ಹತ್ತುವುದು ರಾಜದ್ರೋಹ. ಅದರ ಕೆಳಗೆ ಸಹಿ ಯಾರದ್ದು? ಸಾಂಬಾರಿನ ಕಲೆಯ ಪಕ್ಕ ಇಂಗ್ಲಿಷಿನಲ್ಲಿ ವಯ್ಯಾರವಾಗಿ ಹಾಕಿದ ಆ ಸಹಿ?

ಮೊನ್ನೆ ಭಾನುವಾರ ನಮ್ಮ ಕಾಲೇಜಿನ ಮೋನಿಷಾಳ ಹುಟ್ಟುಹಬ್ಬ. ಕರ್ನಾಲ್ ರಸ್ತೆಯ ನಮ್ಮ ಮೌಜ್‌ಗಢ ಪಾರ್ಕಿಗೇ ಹೋಗೋಣ ಎಂದಳು. ನೀನಿಲ್ಲದೆ ನಾಗಿನ್ ಹತ್ತುವುದಿಲ್ಲ, ನೀರಿನ ಜಾರುಬಂಡಿ ಮಾತ್ರ ಎಂದು ಮನಸ್ಸಿನಲ್ಲೇ ಪ್ರಮಾಣ ಮಾಡಿಕೊಂಡು ಹೊರಟವಳು ನಾನು. ಎಂಥ ನಿಷ್ಠೆ ನೋಡು! ಆ ಪಾರ್ಕೋ, ವರ್ಷ ವರ್ಷಕ್ಕೂ ಹಾಳಾಗುತ್ತಿದೆ. ಗೇಟಿನಲ್ಲಿ ನನ್ನ ಬ್ಯಾಗನ್ನು ತಡಕಿ ಅಮ್ಮ ಕೊಟ್ಟ ಚಕ್ಕುಲಿಯನ್ನು ಬಾಂಬಿನಂತೆ ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಚಕ್ಕುಲಿ ಹುಡುಕುವ ಶ್ರದ್ಧೆಯಲ್ಲಿ ಕಾಲು ಭಾಗ ಸೀಟಿನ ಬೆಲ್ಟ್ ನೋಡುವುದರಲ್ಲಿ ಇದ್ದಿದ್ದರೆ ನಾನು ಅವರಿಗೆ ಇಡೀ ಡಬ್ಬಿಯನ್ನೇ ದಾನ ಮಾಡುತ್ತಿದ್ದೆ. ನಾಗಿನ್ ಏರುವಾಗಿನ ಆ ಸರಪಳಿಯ ಟಕ್ ಟಕ್ ಟಕ್ ಸದ್ದಿದೆಯಲ್ಲ, ಹೊಟ್ಟೆಯನ್ನು ಒಂದೊಂದೇ ಹಲ್ಲಾಗಿ ಮೇಲೆತ್ತುವ ಸದ್ದು, ಅದರ ಮೇಲೆ ಈಗ ಸ್ಪೀಕರ್ ಹಾಕಿ ಮದುವೆಯ ಡಿಜೆ ಬಾರಿಸುತ್ತಾರೆ. ದೇವರ ಮುಂದೆ ಕಣ್ಣು ಮುಚ್ಚಿ ನಿಂತವನ ಕಿವಿಯಲ್ಲಿ ಪೀಪಿ ಊದಿದ ಹಾಗೆ. ಹೊಸದಾಗಿ ಒಂದು ‘ಸುತ್ತುಬಳೆ’ ಆಟ ತಂದು ಅದರ ಮುಂದೆ ಸೆಲ್ಫಿಗೆ ಹೃದಯದ ಚಿತ್ರ ನಿಲ್ಲಿಸಿದ್ದಾರೆ. ತಲೆಕೆಳಗಾಗಿ ತಿರುಗಿಸಿದರೆ ಮುಗಿಯಿತು ಎಂದುಕೊಂಡಿದ್ದಾರೆ ಮೂರ್ಖರು. ತಲೆಕೆಳಗಾಗುವುದು ಹಿಟ್ಟು ಜರಡಿ ಹಿಡಿದ ಹಾಗೆ, ಅದರಲ್ಲೇನಿದೆ? ಸಣ್ಣ ದಿಬ್ಬದ ನೆತ್ತಿಯಲ್ಲಿ ಸೀಟು ನಮ್ಮನ್ನು ಬಿಟ್ಟುಕೊಡುವ ಅರೆಕ್ಷಣವೇ ನಿಜವಾದದ್ದು ಎಂದು ನೀನೇ ಕಲಿಸಿದ್ದು. ಕಲಿಸಿದವನೇ ದ್ರೋಹ ಬಗೆದರೆ ಯಾರಿಗೆ ದೂರು ಕೊಡಲಿ?

ದ್ರೋಹ ಬಯಲಾದದ್ದು ಗೇಟಿನಲ್ಲೇ. ಭಾನುವಾರ ಒಂಟಿ ಗಂಡಸರನ್ನು ಒಳಗೆ ಬಿಡುವುದಿಲ್ಲ, ಫ್ಯಾಮಿಲಿ ಇದ್ದರೆ ಮಾತ್ರ ಎಂಬುದು ಅವರ ನಿಯಮ. ಅದಕ್ಕೇ ಅಲ್ಲವೇ ನೀನು ನನ್ನನ್ನು ‘ನನ್ನ ನಡೆದಾಡುವ ಪಾಸು’ ಎನ್ನುತ್ತಿದ್ದದ್ದು. ಬಿಳಿಮೀಸೆಯ ಗಾರ್ಡ್ ಅಂಕಲ್ ನನ್ನನ್ನು ಕಂಡವರೇ ಕೈಯೆತ್ತಿ ತಡೆದು, “ಅಚ್ಛಾ, ಆಜ್ ಪಹುಂಚೀ ಹೋ ಬೇಟಾ?” ಎಂದರು. ಹಿಂದಿನ ಭಾನುವಾರ ಹೊರಟವಳು ಇವತ್ತು ತಲುಪಿದೆಯಾ, ಎಂದು. ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ಇಪ್ಪತ್ತೈದರಂದು ನೀನು ಒಬ್ಬನೇ ಬಂದೆಯಂತೆ. ಅವರು ತಡೆದರಂತೆ. “ಬೆಹನ್ ಪೀಛೇ ಆ ರಹೀ ಹೈ” ಎಂದೆಯಂತೆ. ತಂಗಿ ಹಿಂದೆ ಬರ್ತಿದ್ದಾಳೆ! ಗುರುತಿನ ಮುಖವೆಂದು ಅವರು ಬಿಟ್ಟರು. ಮಧ್ಯಾಹ್ನ ಎರಡು ಸಲ ಗೇಟಿನವರೆಗೆ ಬಂದು ರಸ್ತೆ ನೋಡಿ ಹೋದೆಯಂತೆ. ಸಾಯಂಕಾಲ ನಾಲ್ಕೂವರೆಗೆ ಹೊರಟಾಗ ಅವರು, ತಂಗಿ ಬರಲೇ ಇಲ್ಲವಲ್ಲ ಎಂದರೆ, “ಜಾಮ್ ಮೇಂ ಫಸ್ ಗಯೀ” ಎಂದೆಯಂತೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಳಂತೆ ತಂಗಿ!

ನಾಲ್ಕೂವರೆಗೆ ಎರಡನೇ ಪೇಪರ್ ಮುಗಿಯುತ್ತದೆ. ಅಷ್ಟು ಲೆಕ್ಕಾಚಾರ ನನಗೂ ಬರುತ್ತದೆ.

ಆದರೂ ನಾನು ನಂಬಲಿಲ್ಲ. ಮುದುಕರು ತಾರೀಖು ತಪ್ಪಿರಬೇಕೆಂದು ನಿನ್ನ ಪರವಾಗಿ ನಾನೇ ವಾದ ಮಾಡಿದೆ. ಆಮೇಲೆ ನಾಗಿನ್ ಪಕ್ಕದ ಫೋಟೋ ಕೌಂಟರಿಗೆ ಹೋದೆ. ಯಾರೂ ಕೊಳ್ಳದ ಫೋಟೋಗಳಲ್ಲಿ ತಮಾಷೆಯವನ್ನು ಆರಿಸಿ ಅಲ್ಲಿ ಬೋರ್ಡಿಗೆ ಅಂಟಿಸುತ್ತಾರೆ, ಗೊತ್ತಲ್ಲ. ನಟ್ಟನಡುವೆ ನೀನಿದ್ದೆ. ಸುತ್ತ ಇಪ್ಪತ್ತು ಬಾಯಿ ಬಾವಿಯಂತೆ ತೆರೆದಿವೆ, ಕೊನೆಯ ಸಾಲಿನಲ್ಲಿ ಒಬ್ಬ ಮಾತ್ರ ಬ್ಯಾಂಕಿನ ಮ್ಯಾನೇಜರಿನಂತೆ ಕುಳಿತಿದ್ದಾನೆ. ಕೌಂಟರಿನ ದೀದಿ, “ಇನ್ಕೋ ದೇಖ್ ಕೇ ಸಬ್ ಹಸ್ತೇ ಹೈಂ” ಎಂದಳು. ನಿನ್ನನ್ನು ನೋಡಿ ಎಲ್ಲರೂ ನಗುತ್ತಾರಂತೆ. ಮೂಲೆಯಲ್ಲಿ ತಾರೀಖು, 25-05. ಗಂಟೆ, ಹನ್ನೊಂದು ನಲವತ್ತು. ಹಣೆಯಲ್ಲಿ ಅಮ್ಮ ಇಟ್ಟ ಗಂಧ. ಜೇಬಿನಲ್ಲಿ ಪರೀಕ್ಷೆಯ ಕಪ್ಪು ಪೆನ್ನು. ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿದಿದೆ. ಆ ಇಳಿಜಾರಿನಲ್ಲಿ ಗಾಳಿಗೆ ಎಲ್ಲರ ಕಣ್ಣಲ್ಲೂ ನೀರು ಬರುತ್ತದೆ, ಆದ್ದರಿಂದ ಆಯೋಗ ಆ ಬಗ್ಗೆ ಏನನ್ನೂ ದಾಖಲಿಸಿಕೊಂಡಿಲ್ಲ. ಪಕ್ಕದ ಸೀಟು ಖಾಲಿ. ಅದರ ಕಂಬಿಯ ಮೇಲೆ ನಿನ್ನ ಎಡಗೈ.

ಮೈಯೆಲ್ಲ ಉರಿದುಹೋಯಿತು ಅಣ್ಣಾ. ಅವತ್ತು ಸಂಜೆ ಅಪ್ಪ ಗಲ್ಲಾ ಬಿಟ್ಟು ಓಡಿಬಂದು ಪೇಪರ್ ಹೇಗಿತ್ತು ಎಂದಾಗ ನೀನು, “ಶುರುವಿನಲ್ಲಿ ನಿಧಾನ, ಮಧ್ಯದಲ್ಲಿ ತಲೆ ತಿರುಗ್ತು, ಆಮೇಲೆ ಯಾವಾಗ ಮುಗೀತೋ ಗೊತ್ತೇ ಆಗ್ಲಿಲ್ಲ” ಎಂದೆ. ನಾಗಿನ್‌ನ ಅಷ್ಟು ಒಳ್ಳೆಯ ವರ್ಣನೆಯನ್ನು ನಾನು ಇದುವರೆಗೆ ಕೇಳಿಲ್ಲ. ಅಪ್ಪ ನಿನಗೆ ಬೆನ್ನು ತಟ್ಟಿದರು. ಮೂರನೇ ಸಲ ಅಲ್ಲವೇ, ಈ ಸಲ ಆಗೇ ಆಗುತ್ತದೆ ಎಂದು ಮಸಾಲೆದೋಸೆ ತಿನ್ನಲು ಬಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದಾರೆ. ಚಟ್ನಿ ಎರಡನೇ ಸಲ ಕೇಳಿದವರಿಗೆ ಎರಡನೇ ಸಲ ಹೇಳುತ್ತಾರೆ.

ಸಿಟ್ಟಿನಲ್ಲಿ ನಾನೂ ನಾಲ್ಕನೇ ಕಲಂ ಮುರಿದೆ. ಮೋನಿಷಾಳ ಕೈಗೆ ಬ್ಯಾಗು ತುರುಕಿ ಕೊನೆಯ ಸಾಲಿನಲ್ಲಿ, ನಿನ್ನ ಸೀಟನ್ನು ಖಾಲಿ ಬಿಟ್ಟು ಕೂತೆ. ಜೀವಮಾನದಲ್ಲಿ ಮೊದಲ ಸಲ ನಾಗಿನ್ ಮೇಲೆ ಕಿರುಚಿದೆ. ಹೆದರಿಕೆಗಲ್ಲ, ನಿನ್ನನ್ನು ಬೈಯಲಿಕ್ಕೆ. ಏರುವಾಗ ಶುರು ಮಾಡಿದ್ದು ಬ್ರೇಕ್ ಬೀಳುವ ತನಕ ಮುಗಿಯಲಿಲ್ಲ. ಮುಂದಿನ ಸಾಲಿನ ಸರ್ದಾರ್ಜಿ ತಿರುಗಿ, ಮಂತ್ರ ಹೇಳ್ತಿದ್ದೀಯಾ ಪುತ್ತರ್ ಎಂದು ಕೇಳಿದರು. ಹೌದು, ಶ್ರಾದ್ಧದ್ದು ಎಂದೆ.

ಫೋಟೋದ ಬಗ್ಗೆ ಒಂದು ಮಾತು ಬಿಟ್ಟಿದ್ದೇನೆ. ಇಷ್ಟು ಪುಟ ಅದರ ಸುತ್ತಲೇ ಓಡಿದ್ದೇನೆ, ಇನ್ನು ಓಡಲು ಹಾಳೆ ಇಲ್ಲ. ನಿನ್ನ ಜೇಬಿನಲ್ಲಿ ಪೆನ್ನಿನ ಹಿಂದೆ ಒಂದು ಗುಲಾಬಿ ಕಾಗದದ ತುದಿ ಕಾಣುತ್ತಿದೆ. ಅದು ನಮ್ಮ ಹೋಟೆಲಿನ ಆರ್ಡರ್ ಪುಸ್ತಕದ ಗುಲಾಬಿ ಹಾಳೆ. ಪರೀಕ್ಷೆಯ ಹಿಂದಿನ ದಿನ, ಶನಿವಾರ ಸಂಜೆ ನೀನು ಮನೆಗೆ ಬಂದು, ಪುಸ್ತಕ ಮುಂದಿಟ್ಟುಕೊಂಡು, “ಶ್ರಾವೂ, ಅಕ್ಷರ ಎಲ್ಲ ಇರುವೆ ಥರ ಹರಿದಾಡ್ತಾವೆ ಕಣೇ, ಒಂದೂ ನಿಲ್ಲಲ್ಲ” ಎಂದೆ. ನಾನು ನಕ್ಕೆ. ನೀನು ಸ್ನಾನಕ್ಕೆ ಹೋದಾಗ ಆ ಹಾಳೆಯಲ್ಲಿ ಥೇಟ್ ನಿನ್ನದೇ ಹಾಲ್ ಟಿಕೆಟಿನಂತೆ ಇನ್ನೊಂದು ಬರೆದೆ. ಅಭ್ಯರ್ಥಿ: ಹಿತೇಶ್. ಕೇಂದ್ರ: ಮೌಜ್‌ಗಢ. ಆಸನ: ನಾಗಿನ್, ಕೊನೆಯ ಸಾಲು. ಸಮಯ: ಬೆಳಿಗ್ಗೆ ಹನ್ನೊಂದು. ಮೇಲ್ವಿಚಾರಕಿ: ಕುಮಾರಿ ಶ್ರಾವ್ಯಾ, ಖುದ್ದಾಗಿ ಹಾಜರಿರುತ್ತಾರೆ. ಅಂಚಿನ ಸುತ್ತ ಇರುವೆಗಳ ಚಿತ್ರ ಬಿಡಿಸಿದೆ, ಮೂವತ್ತೋ ನಲವತ್ತೋ. ನಿನ್ನ ಫೈಲಿನಲ್ಲಿ ನಿಜವಾದ ಟಿಕೆಟಿನ ಮೇಲೆ ಅದನ್ನಿಟ್ಟೆ. ರೋಹಿಣಿಯ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ತೆಗೆದು ನೋಡಿ ನಗುತ್ತೀಯ, ನಗುನಗುತ್ತ ಒಳಗೆ ಹೋಗುತ್ತೀಯ ಎಂದುಕೊಂಡಿದ್ದೆ.

ನೀನು ಅದನ್ನು ಪಾಲಿಸಿದೆ. ಖುದ್ದಾಗಿ ಹಾಜರಿರಬೇಕಾದವಳು ಮನೆಯಲ್ಲಿ ಕಾಲು ಚಾಚಿ ಮಾವಿನಹಣ್ಣು ತಿನ್ನುತ್ತಿದ್ದಳು.

ಇದಕ್ಕೇ ನನಗೆ ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು. ಅವತ್ತೇ ನನ್ನ ಜುಟ್ಟು ಹಿಡಿದು ಬೈಯಬಹುದಿತ್ತು. ಅಪ್ಪನ ಮುಂದೆ ಆ ಹಾಳೆ ಎಸೆದು ಇವಳೇ ಕಾರಣ ಎನ್ನಬಹುದಿತ್ತು. ಬಾಯಿಗೆ ಬೀಗ ಹಾಕಿಕೊಂಡು, ಮೂಗಿಗೆ ಮಜ್ಜಿಗೆ ಹಚ್ಚಿಸಿಕೊಂಡು, ಮಾರನೇ ಬೆಳಿಗ್ಗೆ ರೂಮಿಗೆ ಹೋಗಿಬಿಟ್ಟೆ. ಗೇಟಿನಲ್ಲಿ ತಂಗಿ ಬರ್ತಿದ್ದಾಳೆ ಎಂದವನು ತಂಗಿಗೆ ಬಾ ಎಂದು ಒಂದು ಫೋನ್ ಮಾಡಬಾರದಿತ್ತೇ? ಬ್ಲಾಕ್ ತೆಗೆಯಲು ಎರಡು ಬೆರಳು ಸಾಕು, ಮಹರಾಯ!

ಎರಡೂ ಫೋಟೋಗಳನ್ನು ನಾನು ಕೊಂಡುಬಂದಿದ್ದೇನೆ. ನಿನ್ನನ್ನು ನೋಡಿ ಇನ್ನು ಯಾರೂ ನಗುವಂತಿಲ್ಲ, ನನ್ನ ಹೊರತು. ನನ್ನದರಲ್ಲಿ ನನ್ನ ಕಿರುನಾಲಿಗೆಯೂ ಕಾಣುತ್ತಿದೆ.

ಅಮ್ಮ ಹೆಸರುಕಾಳಿನ ಉಂಡೆ ಕಳಿಸಿದ್ದಾಳೆ, ರೂಮಿನವರಿಗೂ ಕೊಡು. ಅಧ್ಯಕ್ಷರ ಪಾದಗಳಿಗೆ ದೂರದಿಂದಲೇ ನಮಸ್ಕಾರ. ಹತ್ತಿರ ಬಂದರೆ ಹಿಡಿದೆಳೆದು ಬೀಳಿಸುವ ಸಂಭವವಿದೆ.

ಇತಿ ನಿನ್ನ ಕೋಪಿಷ್ಠ ತಂಗಿ,
ಶ್ರಾವ್ಯಾ
(ಕಾರ್ಯದರ್ಶಿ, ಸದ್ಯಕ್ಕೆ ತಾನೂ ಆರೋಪಿ)

ಮರೆತೆ, ಮರೆತೆ: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಕುಣಿದುಕೊಂಡು ಬಂದರು. ಚಾಣಕ್ಯಪುರಿಯ ನಮ್ಮ ರಾಜ್ಯದ ಅತಿಥಿಗೃಹಕ್ಕೆ ದೇವೇಂದ್ರಪ್ಪ ಎಂಬ ದೊಡ್ಡ ಅಧಿಕಾರಿ ಬಂದಿದ್ದಾರಂತೆ, ಅಪ್ಪ ಅವರನ್ನು ಈ ಭಾನುವಾರ ಒಂದು ಗಂಟೆಗೆ ಹೋಟೆಲಿಗೆ ನೀರುದೋಸೆಗೆ ಕರೆದಿದ್ದಾರೆ, ನಿನ್ನನ್ನು ಅವರ ಎದುರು ಕೂರಿಸಲಿಕ್ಕೆ. ಮಗ ಪ್ರಶ್ನೆಪತ್ರಿಕೆ ತರಲಿ, ಒಂದೊಂದೇ ನೋಡೋಣ ಎಂದಿದ್ದಾರಂತೆ ಅವರು. ಶನಿವಾರ ಅಪ್ಪ ನಿನಗೆ ಫೋನ್ ಮಾಡುತ್ತಾರೆ. ನಿನ್ನ ಹತ್ತಿರ ಪ್ರಶ್ನೆಪತ್ರಿಕೆ ಇಲ್ಲ. ಯಾರಿಂದಲೋ ಬೇಡಿ ತರಬೇಡ, ಜ್ವರ ಎಂದೂ ಹೇಳಬೇಡ. ಭಾನುವಾರ ಹನ್ನೊಂದಕ್ಕೇ ಬಾ, ಆ ಮನುಷ್ಯ ಬರುವ ಮೊದಲೇ ಅಪ್ಪನಿಗೆ ಹೇಳಿಬಿಡೋಣ. ಇರುವೆಯ ವಿಷಯವನ್ನೂ. ಪೀತಮ್‌ಪುರ ಮೆಟ್ರೋದ ಮೆಟ್ಟಿಲ ಕೆಳಗೆ ನಿಂತಿರುತ್ತೇನೆ, ಎರಡು ಫೋಟೋ ಹಿಡಿದುಕೊಂಡು. ಹೊಸ ಗುಲಾಬಿ ಹಾಲ್ ಟಿಕೆಟ್ ಜೊತೆಗಿಟ್ಟಿದ್ದೇನೆ. ಕೇಂದ್ರ: ನಮ್ಮ ಹೋಟೆಲು. ಆಸನ: ಕೊನೆಯ ಸಾಲಿನ ಟೇಬಲ್. ಅಭ್ಯರ್ಥಿಗಳು: ಇಬ್ಬರು. ಚಿತ್ರ ಏನನ್ನೂ ಬಿಡಿಸಿಲ್ಲ. ಹೋಟೆಲಿನ ಬಾಗಿಲಲ್ಲಿ ನೀನು ಮುಂದೆ ನಡೆ. ಒಬ್ಬನೇ ಬಂದೆಯಾ ಎಂದು ಅಪ್ಪ ಕೇಳಿದರೆ, ಗಾರ್ಡ್ ಅಂಕಲ್‌ಗೆ ಹೇಳಿದ್ದನ್ನೇ ಹೇಳು. ಈ ಸಲ ಅದು ಸುಳ್ಳಾಗುವುದಿಲ್ಲ.